ಮಾವ ಕೊಟ್ಟ ಡೀಸೆಲ್ ಕಾರು

ನಾನು ನನ್ನ ಮಾವನಿಗೆ ಹಿಡಿಸಿರಲಿಲ್ಲ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಮಾನ್ವಿಯಲ್ಲಿ ಅವರದು ಕಲ್ಲುಹಾಸಿನ ಅಂಗಳದ ದೊಡ್ಡ ಮನೆ, ಎದುರಿಗೆ ಬಂದವರು ಪಕ್ಕಕ್ಕೆ ಸರಿದು ನಿಲ್ಲುವಂಥ ಮರ್ಯಾದೆ. ನಾನು ರಾಯಚೂರಿನ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ಮಗಳು ಹಟ ಹಿಡಿದಳೆಂದು ಮದುವೆಯಾಯಿತೇ ಹೊರತು ಅವರ ಮನಸ್ಸಿನಿಂದಲ್ಲ. ಎಷ್ಟೇ ಸಿಟ್ಟಿದ್ದರೂ ಅವರು ನನ್ನನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಆ ‘ನೀವು’ ಕೇಳಿದಾಗಲೆಲ್ಲ ಇದಕ್ಕಿಂತ ನೆಟ್ಟಗೆ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಅವರು ಹೊಸ ಕಾರು ಕೊಂಡರು. ಹಳೆಯದನ್ನು ಮಗಳಿಗೆ ಕೊಡುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ಬಂದರು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದ ಗಾಡಿ ಅದು; ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ನಿಂತಲ್ಲೇ ಮೈಯೆಲ್ಲ ನಡುಗುತ್ತಿತ್ತು. ನನಗೆ ಅವರಿಂದ ಏನೂ ಬೇಕಿರಲಿಲ್ಲ. ಆದರೆ ಹತ್ತಿಯ ಕಾಲದಲ್ಲಿ ಮಾಲು ನೋಡಲು ದೇವದುರ್ಗ, ಕಲ್ಲೂರು, ಮಲ್ಲಟ ಎಂದು ಸುತ್ತುವ ಕೆಲಸ ನನ್ನದು. ಬಸ್ಸಿಗೆ ಕಾದು ಸಾಕಾಗಿತ್ತು. ಹೂಂ ಅಂದುಬಿಟ್ಟೆ.

ಕಾರು ರಾಯಚೂರಿಗೆ ಬಂದು ವಾರವಾಗುವಷ್ಟರಲ್ಲಿ ಡೀಸೆಲ್ ವಾಸನೆ ಶುರುವಾಯಿತು. ಮೊದಲು ಒಳಗೆ ಕೂತಾಗ ಮಾತ್ರ ಬರುತ್ತಿತ್ತು. ಆಮೇಲೆ ನನ್ನ ಅಂಗಿಗೆ, ಕೈಗೆ, ಊಟದ ತಟ್ಟೆಗೂ ಅಂಟಿಕೊಂಡ ಹಾಗಾಯಿತು. ನನ್ನ ಹೆಂಡತಿ ಆಗ ಬಸುರಿ. ಕಾರಿನ ಬಾಗಿಲು ತೆಗೆದರೆ ಸಾಕು, ಸೆರಗು ಮೂಗಿಗೆ ಹಿಡಿದು ಹಿಂದೆ ಸರಿಯುತ್ತಿದ್ದಳು. ಕಾರಿನ ಹಿಂಭಾಗದಲ್ಲಿಟ್ಟು ತಂದ ಹತ್ತಿಯ ಮಾದರಿಗಳನ್ನು ಗಿರಣಿಯ ಮಾಲೀಕರು ಮೂಸಿ ನೋಡಿ, ಇದು ಹತ್ತಿಯೋ ದೀಪದ ಬತ್ತಿಯೋ ಎಂದು ಕೇಳಿ ಮೇಜಿನ ಮೇಲಿಂದ ತಳ್ಳಿದರು. ಅಲ್ಲಿದ್ದವರು ನಕ್ಕರು.

ಮಾವನಿಗೆ ವಿಷಯ ತಿಳಿಸಿದಾಗ ಅವರು ನನ್ನ ಮುಖವನ್ನೂ ನೋಡಲಿಲ್ಲ. ತಮ್ಮ ಅಂಗಳದಲ್ಲಿದ್ದಾಗ ಒಂದು ಹನಿ ಬಿದ್ದಿರಲಿಲ್ಲವೆಂದೂ, ಗಾಡಿ ಕೈ ನೋಡಿ ನಡೆಯುತ್ತದೆಂದೂ ಹೇಳಿ ಎದ್ದು ಒಳಗೆ ಹೋದರು.

ಅದೇ ಸುಮಾರಿಗೆ ದೇವದುರ್ಗದಲ್ಲಿ ಹೆಂಡತಿಯ ಸೋದರತ್ತೆಯ ಮನೆಯಲ್ಲಿ ಮದುವೆಯಿತ್ತು. ಹಿಂದಿನ ದಿನವೇ ಟ್ಯಾಂಕಿ ತುಂಬಿಸಿ, ಎಲ್ಲ ಕಿಟಕಿ ಇಳಿಸಿ ಹೆಂಡತಿಯನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಅವಳು ಇಳಿದು ವಾಂತಿ ಮಾಡಿಕೊಂಡಳು. ಚಪ್ಪರದ ಹತ್ತಿರ ಕಾರು ನಿಲ್ಲಿಸಿದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ನೆಲ ಕಪ್ಪಗಾಯಿತು. ಅಡುಗೆಯವರು ಒಲೆಯ ಸಮೀಪ ಇದೇನು ಎಣ್ಣೆ ಎಂದು ತಕರಾರು ತೆಗೆದರು. ಬೀಗರೆಲ್ಲ ತಿರುಗಿ ನೋಡುತ್ತಿದ್ದಾಗ ಮಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮುಂದೆ ಬಂದರು.

“ಕಾರೇನೋ ಕೊಟ್ಟೀನಿ. ಅದನ್ನ ಇಟಗೊಳ್ಳೋ ಯೋಗ್ಯತಿ ನಾ ಎಲ್ಲಿಂದ ತಂದು ಕೊಡಲ್ರಿ?” ಎಂದರು. ಹೇಳಿದ್ದು ಬೀಗರಿಗೆ, ನೋಡಿದ್ದು ನನ್ನನ್ನು.

ಕಾರನ್ನು ದೂರ ಒಯ್ದು ಜಾಲಿಗಿಡಗಳ ಪಕ್ಕ ನಿಲ್ಲಿಸಿ ಬಂದು ಪಂಕ್ತಿಯಲ್ಲಿ ಕೂತೆ. ಆ ಮನುಷ್ಯನ ಎದುರು ಈ ಗಾಡಿಯನ್ನು ಒಣಗಿಸಿ ನಿಲ್ಲಿಸುವವರೆಗೂ ಬಿಡುವುದಿಲ್ಲ ಅಂದುಕೊಂಡೆ. ಅದು ಕಾರಿನ ಮೇಲಿನ ಪ್ರೀತಿಯಿಂದ ಹುಟ್ಟಿದ ಮಾತಲ್ಲ.

ರಾಯಚೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಮಿಸ್ತ್ರಿಯ ಶೆಡ್ ಇತ್ತು. ಲಾರಿಗಳ ಕೆಲಸದಲ್ಲಿ ಹೆಸರು ಮಾಡಿದವನು, ಆದರೆ ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಬಾನೆಟ್ ಎತ್ತಿ ಒಮ್ಮೆ ಬಗ್ಗಿ ನೋಡಿ, “ಪಂಪ್ ಹೋಗ್ಯಾದ್ರಿ ಸಾಬ್. ಬಿಚ್ಚಿ ಹೈದರಾಬಾದಿಗೆ ಕಳಸಬೇಕು,” ಅಂದ. ಇಂಜಿನ್ನಿಗೆ ಡೀಸೆಲ್ ಒತ್ತುವ ಆ ಪಂಪು ಒಣಗಿಯೇ ಇದೆಯಲ್ಲ ಎಂದು ತೋರಿಸಿದೆ. ಹಾಗಾದರೆ ನೀವೇ ಮಾಡಿಕೊಳ್ಳಿ ಎಂದು ಕೈಯಲ್ಲಿದ್ದ ಪಾನಾ ಕೆಳಗೆ ಎಸೆದು ಬೇರೆ ಗಾಡಿಯ ಕಡೆ ನಡೆದ. ನನಗೂ ತಲೆ ಬಿಸಿಯಾಗಿತ್ತು. ಕಾರು ಹಿಂದಕ್ಕೆ ತೆಗೆದು ಮನೆಗೆ ಬಂದೆ.

ಮುಂದಿನ ಭಾನುವಾರಗಳೆಲ್ಲ ಅದರ ಕೆಳಗೇ ಕಳೆದವು. ಇಂಜಿನ್ ಮೇಲಿನ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಎಲ್ಲ ಕಡೆ ಜಿಡ್ಡೇ ಇದ್ದರೆ ಹೊಸದಾಗಿ ಸೋರುವುದು ಕಾಣುವುದಿಲ್ಲ. ಡೀಸೆಲ್ ಸೋಸುವ ಫಿಲ್ಟರಿನ ರಬ್ಬರ್ ಉಂಗುರ ಕಲ್ಲಿನಂತಾಗಿತ್ತು. ಹೊಸದು ಹಾಕಿದೆ. ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಹೆಂಡತಿ ಬಾಗಿಲಲ್ಲಿ ಕೂತು ನೋಡುತ್ತಿದ್ದವಳು ಒಳಗೆ ಹೋಗಿ ತನ್ನ ಪೌಡರ್ ಡಬ್ಬಿ ತಂದಳು. ಒರೆಸಿದ ನಳಿಗೆಗಳ ಮೇಲೆ ಪೌಡರ್ ಉದುರಿಸಿ ಇಂಜಿನ್ ಶುರು ಮಾಡಿರಿ, ಹಸಿಯಾದಲ್ಲಿ ಕಪ್ಪಾಗುತ್ತದೆ ಅಂದಳು. ಹಾಗೇ ಮಾಡಿದೆ. ಉಳಿದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿ ಒಯ್ಯುವ ಸಣ್ಣ ರಬ್ಬರ್ ನಳಿಗೆಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡಿತು. ಬೆರಳಲ್ಲಿ ಬಗ್ಗಿಸಿದರೆ ಸೀಳು ಬಾಯಿ ಬಿಟ್ಟಿತು. ಅದನ್ನೂ ಬದಲಾಯಿಸಿದೆ.

ಇಂಜಿನ್ ಕಡೆ ಪೂರ್ತಿ ಒಣಗಿತು. ಗೆದ್ದೆ ಅಂದುಕೊಂಡು ಟ್ಯಾಂಕಿ ತುಂಬಿಸಿ ಯರಗೇರಾಕ್ಕೆ ಹೋಗಿ ಬಂದೆ. ಹಿಂಬದಿಯ ಸೀಟಿನಿಂದ ಮತ್ತದೇ ವಾಸನೆ. ಆ ದಿನ ಸಿಟ್ಟಿಗೆ ಕಾರಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಅದರ ಗಾಜು ಒಳಕ್ಕೆ ಇಳಿದುಹೋಯಿತು. ಹೆಂಡತಿ ಹೊರಗೆ ಬಂದು, ಅರ್ಧ ಟ್ಯಾಂಕಿ ಇದ್ದಾಗ ವಾಸನೆ ಬರುವುದಿಲ್ಲ, ತುಂಬಿಸಿದಾಗಲೇ ಬರುತ್ತದೆ, ನೀವು ಅದನ್ನು ಗಮನಿಸಿದ್ದೀರಾ ಎಂದು ಕೇಳಿದಳು. ನಾನು ಗಮನಿಸಿರಲಿಲ್ಲ.

ಮರುದಿನ ರಜೆ ಹಾಕಿ ಡೀಸೆಲ್ಲನ್ನು ಡಬ್ಬಗಳಿಗೆ ಇಳಿಸಿ, ಟ್ಯಾಂಕಿ ಹಿಡಿದಿದ್ದ ಕಬ್ಬಿಣದ ಪಟ್ಟಿಗಳನ್ನು ಸಡಿಲಿಸಿ ಕೆಳಗಿಳಿಸಿದೆ. ಒಂದು ಪಟ್ಟಿಯ ಮರೆಯಲ್ಲಿ, ಟ್ಯಾಂಕಿಯ ನಡುವಿಗಿಂತ ಮೇಲೆ, ಅಂಗೈಯಗಲದ ತೇಪೆ ಇತ್ತು. ಬಟ್ಟೆಯ ಚೂರಿಗೆ ಸಾಬೂನು ಮೆತ್ತಿ ಬಿರುಕಿಗೆ ಒತ್ತಿ, ಮೇಲೆ ಹಸಿರು ಬಣ್ಣ ಬಳಿದಿದ್ದರು. ಸಾಬೂನು ಒಣಗಿ ಅಂಚಿನಲ್ಲಿ ಎದ್ದಿತ್ತು. ಹೆಂಡತಿ ಭಾರದ ಹೊಟ್ಟೆ ಹಿಡಿದು ನಿಧಾನಕ್ಕೆ ಕೆಳಗೆ ಕೂತು ಅದನ್ನು ಉಗುರಿನಿಂದ ಕೆರೆದಳು.

“ಇದು ನಮ್ಮಪ್ಪನ ಮನಿ ಬಾಗಲದ ಬಣ್ಣ,” ಅಂದಳು.

ತೇಪೆಯನ್ನು ಹರಿಯದಂತೆ ಬಿಡಿಸಿ ಕಾಗದದಲ್ಲಿ ಕಟ್ಟಿಟ್ಟಳು. ಟ್ಯಾಂಕಿಯನ್ನು ಬಿಸಿನೀರು, ಸೋಡಾ ಹಾಕಿ ಹಲವು ಸಲ ತೊಳೆದು, ಬಾಯಿ ತೆರೆದು ಬಿಸಿಲಿಗಿಟ್ಟೆ. ಒಳಗೆ ಡೀಸೆಲ್ ಆವಿ ಉಳಿದಿರುವಾಗ ಬೆಂಕಿ ತಾಗಿಸಿದರೆ ಸಿಡಿಯುತ್ತದೆ. ಮತ್ತೆ ಆ ಮಿಸ್ತ್ರಿಯ ಹತ್ತಿರವೇ ಹೋಗಬೇಕಾಯಿತು, ವೆಲ್ಡಿಂಗ್ ಇದ್ದದ್ದು ಅವನಲ್ಲಿ. ಪಂಪಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಖ ಗಂಟು ಹಾಕಿಕೊಂಡೇ ಹಿತ್ತಾಳೆ ಬೆಸುಗೆ ಹಾಕಿ, ಗಾಳಿ ತುಂಬಿಸಿ, ಮೇಲೆ ಸಾಬೂನು ನೊರೆ ಸವರಿ ಗುಳ್ಳೆ ಏಳದಿರುವುದನ್ನು ತೋರಿಸಿ ಕೊಟ್ಟ.

ಟ್ಯಾಂಕಿ ಕೂರಿಸಿ, ತುಂಬ ಡೀಸೆಲ್ ಹಾಕಿಸಿ ನಾವಿಬ್ಬರೂ ಮಾನ್ವಿಗೆ ಹೋದೆವು. ಈ ಸಲ ಅವಳು ದಾರಿಯಲ್ಲಿ ಇಳಿಯಲಿಲ್ಲ. ಕಾರನ್ನು ಬೇಕೆಂದೇ ಅಂಗಳದ ನಡುವೆ ನಿಲ್ಲಿಸಿದೆ. ಮಾವ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಗಾಡಿಯ ಕೆಳಗಿನ ಒಣ ಕಲ್ಲುಹಾಸಿನ ಮೇಲೆ ಕಣ್ಣು ಹಾಯಿಸಿ, “ಎಣ್ಣಿ ಹಾಕಿಸಿಲ್ಲೇನ್ರಿ?” ಎಂದು ಕೇಳಿದರು.

ಅವಳು ಕಾಗದದ ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟಳು. ಅವರು ನೋಡಿದರು, ಅಡಕತ್ತರಿ ಕೆಳಗಿಡಲಿಲ್ಲ.

“ಹೌದು, ನಾನ ಹಚ್ಚಿಸಿದ್ದು. ನನ್ನ ಕೈಯಾಗ ಹಿಡದಿತ್ತು. ಇವರ ಕೈಯಾಗ ಬಿಡ್ತು. ಅದಕ್ಕ ನಾ ಏನ್ ಮಾಡ್ಲಿ?”

ನಾನು ದೇವದುರ್ಗದ ಚಪ್ಪರದಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬಂದವು. ಅಷ್ಟರಲ್ಲಿ ಅವಳೇ ಮಾತಾಡಿದಳು.

“ಯಪ್ಪಾ, ಮಂದಿ ಮುಂದ ಇವರನ್ನ ಅಂದಾಗ ನಿನಗ ಇದು ಗೊತ್ತಿತ್ತು. ನಾ ಬಸರಿ ಅನ್ನೋದೂ ಗೊತ್ತಿತ್ತು. ಆದ್ರೂ ಅದರಾಗ ಅಡ್ಡಾಡ್ಲಿಕ್ಕೆ ಬಿಟ್ಟಿ.”

ಅವರು ಒಳಗೆ ಹೋಗು ಎಂದು ಕೈ ಮಾಡಿದರು. ಅವಳು ಒಳಗೆ ಹೋಗಲಿಲ್ಲ. ಬಾಣಂತನಕ್ಕೆ ಈ ಮನೆಗೆ ಬರುವುದಿಲ್ಲ ಎಂದು ಹೇಳಿ ಬಂದು ಕಾರಿನಲ್ಲಿ ಕೂತಳು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ತಡೆಯುವವರು ಯಾರೂ ಇರಲಿಲ್ಲ. ಒಂದು ಲೋಟ ನೀರೂ ಕುಡಿಯದೆ ನಾವು ಹೊರಟೆವು. ಊರು ದಾಟಿದ ಮೇಲೆ ಅವಳು ಅತ್ತಳು. ನಾನು ಗೆದ್ದ ಖುಷಿಯಲ್ಲಿದ್ದೆ ಎಂದರೆ ಸುಳ್ಳಲ್ಲ. ಆದರೆ ಆ ಅಳು ಕೇಳುತ್ತಾ ರಸ್ತೆಯನ್ನೇ ನೋಡಿಕೊಂಡು ಓಡಿಸಿದೆ.

ಮಗಳು ರಾಯಚೂರಿನಲ್ಲೇ ಹುಟ್ಟಿದಳು. ಬಾಣಂತನಕ್ಕೆ ನನ್ನ ತಾಯಿ ಬಂದಿದ್ದರು. ತೊಟ್ಟಿಲಿಗೆ ಹಾಕುವ ದಿನ ಮಾವ ಬಂದರು, ಹೊಸ ಕಾರು ಬಿಟ್ಟು ಬಸ್ಸಿನಲ್ಲಿ. ಮೊಮ್ಮಗಳ ಕೈಗೆ ಬೆಳ್ಳಿಯ ಕಡಗ ತೊಡಿಸಿ, ತಮ್ಮ ಮಗಳು ಬಡಿಸಿದ್ದನ್ನು ಊಟ ಮಾಡಿದರು. ನನ್ನ ಜೊತೆ ಮಾತಿಲ್ಲ. ಹೆಂಡತಿ ಕಣ್ಣಿನಲ್ಲೇ ಹೇಳಿದ್ದರಿಂದ, ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ ಎಂದು ಕಾರಿನ ಕೀಲಿ ತೆಗೆದುಕೊಂಡೆ.

“ನಿಮಗ್ಯಾಕ ತ್ರಾಸು,” ಎಂದು ಅವರು ಚಪ್ಪಲಿ ಮೆಟ್ಟಿದರು. ಸುಡುವ ಬಿಸಿಲಿನಲ್ಲಿ ನಡೆದೇ ಹೋದರು. ನಾನೂ ಎರಡನೆಯ ಸಲ ಕರೆಯಲಿಲ್ಲ.