ಹಳ್ಳದ ಸೇತುವೆ ದಾಟಿದ ಮೇಲೆ

ನಮ್ಮ ಬೀಗರ ಬಲಗಣ್ಣಿನ ಸುತ್ತ ಬಳೆ ಒತ್ತಿ ತೆಗೆದಂಥ ಒಂದು ಗುಂಡು ಗುರುತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಗಿಸಿಕೊಳ್ಳುವ ಕರೀ ಭೂತಗನ್ನಡಿ ಹುಡುಗತನದಿಂದ ಕೂತು ಕೂತು ಆದದ್ದು. ಮುಖ ತೊಳೆದರೂ ಹೋಗುತ್ತಿರಲಿಲ್ಲ. ಮಗಳ ಮದುವೆ ಮಾತುಕತೆಯಲ್ಲಿ ನಾನು ಮೊದಲು ನೋಡಿದ್ದು ಅದನ್ನೇ. ಯಾರೋ ಗುದ್ದಿದ್ದಾರೆ ಅಂದುಕೊಂಡೆ. ಆಮೇಲೆ ಅವರ ಹಟ ನೋಡಿದ ಮೇಲೆ, ಗುದ್ದಿದ್ದರೂ ತಪ್ಪಿಲ್ಲ ಅನಿಸಿತು.

ಕೊಟ್ಟೂರು ಸ್ಟೇಷನ್ನಿನ ಎದುರು ಅವರ ಅಂಗಡಿ. ಸೆಲ್ಲಿನ ವಾಚು ಬಂದು ರಿಪೇರಿ ನಿಂತಿತು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತೇವೆ ಅಂತ ಹೊಸಪೇಟೆ ರೈಲೂ ನಿಂತಿತು. ದೊಡ್ಡ ಹಳಿ ಬಂತು, ಜನ ಕೂರುವ ರೈಲು ಬರಲಿಲ್ಲ. ನನ್ನ ಅಳಿಯ ಅದೇ ಅಂಗಡಿಯಲ್ಲಿ ಜೆರಾಕ್ಸು, ಕಂಪ್ಯೂಟರು ಇಟ್ಟ. ಮಗಳು ಕೂಡ್ಲಿಗಿ ಆಸ್ಪತ್ರೆಯಲ್ಲಿ ನರ್ಸು. ಮೊಮ್ಮಗಳನ್ನು ನೋಡಿಕೊಳ್ಳಲು ಬಂದ ಅಜ್ಜಿ ನಾನು, ಬೀಗರ ಮನೆಯಲ್ಲೇ ಉಳಿದೆ.

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ ಒಂದಿತ್ತು. ಯಾವುದೋ ಪರದೇಶದ ರೈಲು, ಹಿಮ ಬಿದ್ದ ಗುಡ್ಡ. ಬೀಗರು ಸ್ವಲ್ಪ ಹೊತ್ತು ಓಡಿಸಿ ಮಗನನ್ನು ಕೇಳಿದರು.

"ಇದರಾಗ ನಮ್ಮ ಲೈನು ಕಟ್ಟಾಕ ಬರ್ತೈತೇನು?"

"ಬರ್ತೈತಿ. ಸಾಯೋತನ ಕಟ್ಟಬೇಕಾಕ್ಕೈತಿ."

"ಸಾಯೋದು ಇರ್ಲಿ. ಕಣ್ಣು ಹೋಗೋದರಾಗ ಮುಗಿಸಿ ನಾನ ಓಡಿಸ್ಬೇಕು."

ಸಕ್ಕರೆ ಕಾಯಿಲೆ ಎಡಗಣ್ಣನ್ನು ಆಗಲೇ ತಿಂದಿತ್ತು. ಬಲಗಣ್ಣೂ ಉಳಿಯುವುದಿಲ್ಲ ಅಂತ ಬಳ್ಳಾರಿ ಡಾಕ್ಟರು ಹೇಳಿ ಕಳಿಸಿದ್ದರು.

ಕಟ್ಟುವುದಂದರೆ ಕೂತಲ್ಲಿ ಕಟ್ಟುವುದಲ್ಲ. ಒಂದೊಂದು ಸ್ಟೇಷನ್ನಿಗೂ ಹೋಗಿ ಗೋಡೆಯ ಫೋಟೋ ತೆಗೆದು ತಂದು ಕಂಪ್ಯೂಟರಿನ ಗೋಡೆಗೆ ಅಂಟಿಸಬೇಕು. ಜೊತೆಗೆ ಹೋಗಲು ಬೀಗತಿಗೆ ಮೊಣಕಾಲು ನೋವು. "ಗುಂಡಿಗೆ ಬಿದ್ದಾರು, ನೀವ ಹೋಗ್ರಿ" ಅಂತ ನನ್ನನ್ನು ಅಟ್ಟಿದಳು. ನನ್ನ ಕೆಲಸ ಕೊಡೆ ಹಿಡಿಯುವುದು. ಮಡಚಿದ ಕೊಡೆಯನ್ನು ಗೋಡೆಗೆ ಆನಿಸಿ ನಿಲ್ಲಿಸಬೇಕು, ಅವರು ಫೋಟೋ ತೆಗೆಯಬೇಕು. ಕೊಡೆಯ ಉದ್ದ ಗೊತ್ತಿದ್ದರೆ ಗೋಡೆಯ ಎತ್ತರ ತಾನಾಗೇ ಗೊತ್ತಾಗುತ್ತಿತ್ತು. ಮಾಲವಿಯಲ್ಲಿ ಎಮ್ಮೆ ಕಾಯುವ ಹೆಂಗಸು ನಮ್ಮನ್ನು ಮೇಲೆ ಕೆಳಗೆ ನೋಡಿದಳು.

"ಹಳಿ ಮ್ಯಾಲೆ ಇಬ್ರೂ ಎಲ್ಲಿಗೆ ಹೊಂಟೀರಿ ಮುದುಕಪ್ಪ?"

"ಓಡಿ ಹೊಂಟೀವಿ," ಅಂದೆ ನಾನು. "ರೈಲಿಲ್ಲ, ಅದಕ್ಕ ನಡಕೊಂಡು."

ಬೀಗರು ನಗಲಿಲ್ಲ. ಸ್ಟೇಷನ್ನಿನ ಬಾಗಿಲಿಗೆ ಮೂಗು ಹಚ್ಚಿ ನಿಂತಿದ್ದರು. ರೈಲು ಓಡುತ್ತಿದ್ದಾಗ ಆ ಬಾಗಿಲು ಹಸಿರಿತ್ತು ಅಂತ ಊರವರಲ್ಲಿ ಒಬ್ಬರು, ಕೆಂಪು ಅಂತ ಒಬ್ಬರು ಹೇಳಿದ್ದರು. ಉಗುರಿನಿಂದ ಕೆರೆದರು. ಮೇಲೆ ಕೆಂಪು, ಅದರಡಿ ಹಸಿರು. "ಇಬ್ರೂ ಖರೇನ ಹೇಳ್ಯಾರ," ಅಂತ ಖುಷಿಯಾದರು. "ಇಬ್ಬರು ಹೇಳಿದ್ರ ಇಡಾದು, ಒಬ್ಬರು ಹೇಳಿದ್ರ ಕೇಳಿ ಸುಮ್ನಾಗಾದು" ಅನ್ನುವುದು ಅವರ ಕಾನೂನು. ಬೇವಿನ ಮರವಾಗಲಿ, ನೀರಿನ ಟ್ಯಾಂಕಾಗಲಿ, ಇಬ್ಬರು ಹೇಳದೆ ಆಟದೊಳಗೆ ಬರುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿವರೆಗೆ ಕಟ್ಟಿದ ಮೇಲೆ ಒಂದು ದಿನ ಎಂಜಿನನ್ನೇ ನೋಡುತ್ತ ಕೂತರು. "ಎಂಜಿನ್ ಸಣ್ಣದು, ಹಳಿ ಅಗಲ. ಇದು ನಮ್ಮ ರೈಲಲ್ಲ" ಅಂದರು. ಆಟದವರು ಕೊಟ್ಟದ್ದು ಅಗಲದ ಹಳಿ ಒಂದೇ. ಸಣ್ಣದು ಬೇಕಾದರೆ ಕೈಯಾರೆ ಮಾಡಿಕೊಳ್ಳಬೇಕು. ಹಾಕಿದ್ದನ್ನೆಲ್ಲ ಕಿತ್ತರು. ಸರಕಾರ ಸಣ್ಣದು ಕಿತ್ತು ದೊಡ್ಡದು ಹಾಕಿತ್ತು, ಇವರು ದೊಡ್ಡದು ಕಿತ್ತು ಸಣ್ಣದು ಹಾಕಲು ಕೂತರು. ಅಳಿಯನಿಗೆ ಸಿಟ್ಟು ಬಂತು.

"ಯಾರು ನೋಡ್ತಾರಪ್ಪಾ ಹಳಿ ಅಗಲಾನ?"

"ನಾನು ನೋಡ್ತೀನಲ್ಲ. ಇನ್ನೂ ಸ್ವಲ್ಪ ದಿನ."

ಅಳಿಯ ಕುರ್ಚಿ ಎಳೆದುಕೊಂಡು ಪಕ್ಕ ಕೂತ.

ನನಗೂ ಅವರಿಗೂ ಜಗಳ ಬಿದ್ದದ್ದು ಮಾಲವಿ ಆಚೆಯ ಹಳ್ಳದ ಹತ್ತಿರ. ನಮ್ಮ ಅತ್ತೆ ಮನೆಯ ಹೊಲ ಆ ಸೇತುವೆಯ ಆಚೆ ದಂಡೆಗಿತ್ತು. ಬದನೆಕಾಯಿ, ಮೆಣಸಿನಕಾಯಿ ಬುಟ್ಟಿ ಹೊತ್ತು ನಾವು ಹೆಂಗಸರು ಹಳಿ ಪಕ್ಕ ನಿಂತರೆ, ಸೇತುವೆ ದಾಟಿ ರೈಲು ನಿಲ್ಲುತ್ತಿತ್ತು. ಹತ್ತುವ ಮುಂಚೆ ಡ್ರೈವರನಿಗೆ ಒಂದು ಉಡಿ ಹಸೀ ಶೇಂಗಾ ಕೊಡಬೇಕು. ಹಗರಿಬೊಮ್ಮನಹಳ್ಳಿ ಸಂತೆಗೆ ನಾನು ಹೋಗಿದ್ದೇ ಹಾಗೆ.

"ಅಲ್ಲಿ ಒಂದು ಸ್ಟಾಪ್ ಇಡ್ರಿ," ಅಂದೆ.

"ಇನ್ನೊಬ್ಬರು ಯಾರು ಹೇಳ್ತಾರ?"

ನನ್ನ ಜೊತೆ ಹತ್ತುತ್ತಿದ್ದವರಲ್ಲಿ ನಾದಿನಿ ಸತ್ತಿದ್ದಳು, ನೆಗೆಣ್ಣಿಗೆ ನೆನಪು ಹೋಗಿತ್ತು. ಬೀಗರು ಮರಿಯಮ್ಮನಹಳ್ಳಿಗೆ ಹೋಗಿ ಒಬ್ಬ ಹಳೇ ಗಾರ್ಡನನ್ನು ಕೇಳಿದರು. ಸ್ಟೇಷನ್ ಇಲ್ಲದ ಕಡೆ ನಮ್ಮ ಗಾಡಿ ಎಂದೂ ನಿಂತಿಲ್ಲ ಅಂದನಂತೆ. ಮತ್ತೇನು ಹೇಳುತ್ತಾನೆ, ಶೇಂಗಾ ತಿಂದೆವು ಅನ್ನುತ್ತಾನೆಯೇ?

"ಹಂಗಾರ ನಾ ಸುಳ್ಳಿ?"

"ಸುಳ್ಳಿ ಅಂದಿಲ್ಲ. ಒಬ್ಬರು ಅಂದೆ."

ಆವತ್ತಿನಿಂದ ನಾನು ಕೊಡೆ ಮುಟ್ಟಲಿಲ್ಲ.

ಮರಿಯಮ್ಮನಹಳ್ಳಿ ಮುಗಿಯುವಷ್ಟರಲ್ಲಿ ಬಲಗಣ್ಣೂ ಹೋಯಿತು. ಇನ್ನು ನಿಲ್ಲಿಸುತ್ತಾರೆ ಅಂದುಕೊಂಡೆವು. ಮರುದಿನ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು ಕೂತರು.

"ಬೀಗತ್ಯಾರ, ಸಿಟ್ಟು ಆಮ್ಯಾಲೆ ಮಾಡ್ರಿ. ಏನು ಕಾಣ್ತೈತಿ ಹೇಳ್ರಿ."

ಅವರ ತಲೆ, ಅಳಿಯನ ಕೈ, ನನ್ನ ಕಣ್ಣು. ಹೊಸಪೇಟೆವರೆಗಿನದು ಹಾಗೆ ಕಟ್ಟಿದ್ದು. ಗುಡ್ಡದ ಕೆಮ್ಮಣ್ಣು ಮಾಸಲೋ ಕಡುಗೆಂಪೋ ಅಂತ ಒಂದು ಗುಡ್ಡಕ್ಕೆ ಒಂದು ವಾರ ಕಾಡಿದರು. ಸುಮ್ಮನೆ ಹ್ಞೂಂ ಅಂದರೆ ನನ್ನ ದನಿಯಲ್ಲೇ ಕಂಡುಹಿಡಿದು, "ನೋಡಿ ಹೇಳ್ರಿ" ಅನ್ನುತ್ತಿದ್ದರು.

ಓಡಿಸುವ ದಿನ ಬಂತು. ಬ್ರೇಕಿನ ಗುಂಡಿ ಕೈಗೆ ಸಿಗಲಿ ಅಂತ ಒಂದು ಹಳೇ ವಾಚಿನ ಕೀಲಿ ತಿರುಪನ್ನು ಅದರ ಮೇಲೆ ಅಂಟಿಸಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತು ಕೂಗಬೇಕು. ಸಿಗ್ನಲ್ಲಿನ ಕೈಮರ ಬಿತ್ತು ಅಂದೆ, ಸೀಟಿ ಹೊಡೆದು ಕೊಟ್ಟೂರು ಬಿಟ್ಟರು. ಮಾಲವಿ ಬಂತು ಅಂದೆ, ನಿಲ್ಲಿಸಿದರು. ಮತ್ತೆ ಬಿಟ್ಟರು. ಗಾಲಿ ಸೇತುವೆ ಮೇಲೆ ದಡದಡ ಅಂದವು. ಸದ್ದು ಮುಗಿಯಿತು. ನಾನು ಏನೂ ಕೂಗಿರಲಿಲ್ಲ. ರೈಲು ನಿಧಾನವಾಗಿ, ಬಯಲಲ್ಲಿ ನಿಂತಿತು.

"ಯಾಕ ನಿಂತಿರಿ? ಇಲ್ಲೇನೂ ಇಲ್ಲ."

"ಹತ್ರಿ ಬೀಗತ್ಯಾರ," ಅಂದರು. ಕೈ ನನ್ನ ಕಡೆ ಚಾಚಿದರು. "ಶೇಂಗಾ ಎಲ್ಲೈತಿ?"

ಅವರಿಗೆ ಕಾಣುತ್ತಿರಲಿಲ್ಲವಲ್ಲ, ಒಳ್ಳೆಯದಾಯಿತು. ಮೂಗು ಸೆರಗಿಗೆ ಒರೆಸಿಕೊಂಡು, "ತಿನ್ನೋದು ಆಮ್ಯಾಲೆ, ಸಂತಿಗೆ ಹೊತ್ತಾತು, ಬಿಡ್ರಿ" ಅಂದೆ. ಬಿಟ್ಟರು. ಹೊಸಪೇಟೆಯಲ್ಲಿ ಪ್ಲಾಟ್‌ಫಾರಂ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು. ನಾನು ಕೂಗಿದ್ದು ತಡವಾಗಿತ್ತು. ಅದಕ್ಕೆ ಬೈಸಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಸಕ್ಕರೆ ಕಾಲಿಗೂ ಇಳಿದಿತ್ತು.

ಕಾರ್ಯಕ್ಕೆ ಬಂದ ನೆಂಟರಿಗೆ ಅಳಿಯ ರೈಲು ಓಡಿಸಿ ತೋರಿಸಿದ. ಮಾಲವಿ ಆಯಿತು, ಸೇತುವೆ ದಡದಡ ಅಂದಿತು. ರೈಲು ನಿಲ್ಲದೆ ಹೋಯಿತು.

"ಸ್ಟಾಪ್ ಬಿಟ್ಟಿ," ಅಂದೆ.

"ಯಾವ ಸ್ಟಾಪ್ ಅತ್ತಿ? ಅಪ್ಪ ಅಲ್ಲಿ ಏನೂ ಕಟ್ಟಿಲ್ಲ. ನಾನ ಎಲ್ಲಾ ನೋಡೀನಿ."

ಕಟ್ಟಿಲ್ಲ ಅಂದ ಮೇಲೆ ಕಟ್ಟಿಲ್ಲ. ಒಬ್ಬಳ ಮಾತಿಗೆ ಕಾನೂನು ಮುರಿಯುವವರಲ್ಲ ಅವರು. ನಿಂತದ್ದು ಆಟದಲ್ಲಿ ಇರಲಿಲ್ಲ, ಅವರ ಕೈಯಲ್ಲಿತ್ತು.

"ಏಳು," ಅಂದೆ ಅಳಿಯನಿಗೆ. "ಮಾಲವಿಯಿಂದ ಇನ್ನೊಮ್ಮೆ ಬಿಡು."

ಅವನ ಕುರ್ಚಿಯಲ್ಲಿ ಕೂತೆ. ಬ್ರೇಕು ಯಾವುದು ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ವಾಚಿನ ತಿರುಪು ಬೆರಳಿಗೆ ಸಿಕ್ಕಿತು. ಅದರ ಮೇಲೆ ಬೆರಳಿಟ್ಟುಕೊಂಡು ಸೇತುವೆಯ ಸದ್ದು ಮುಗಿಯುವುದನ್ನು ಕಾದೆ.