ದೇವರ ಕೊಳಗದ ಹುರಿಹಿಟ್ಟು

ಆ ಹುರಿಹಿಟ್ಟು ಯಾವ ಸಿಪಾಯಿಗೂ ಸೇರಲಿಲ್ಲ. ಹೋಬಳಿ ಊರಿನ ಪೆಂಡಾಲಿನಲ್ಲೇ ಖರ್ಚಾಯಿತು, ನನ್ನ ಹೊಟ್ಟೆಗೂ ಒಂದಿಷ್ಟು ಹೋಯಿತು. ನಡೆದದ್ದು ಇಷ್ಟೇ.

ಅದನ್ನು ಹುರಿದವರು ನನ್ನ ಅತ್ತೆ. ಅವರ ಬಲಗೈ ಬೆರಳ ತುದಿಗಳು ಕಪ್ಪಗೆ, ಗೊರಸಿನ ಹಾಗೆ ಗಟ್ಟಿ. ಒಲೆಯಿಂದ ಜಾರಿದ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಒಳಗಿಟ್ಟು, ಆಡುತ್ತಿದ್ದ ಮಾತು ಮುಂದುವರಿಸುತ್ತಿದ್ದರು.

ಬಾಂಗ್ಲಾ ಯುದ್ಧ ಶುರುವಾದಾಗ ನಾನು ಕುಂದಾಣದ ಕಡೆಯ ಆ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಗಂಡ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದರು. ಎಲ್ಲಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಇತ್ತ ಕಣದಲ್ಲಿ ರಾಗಿ ಒಕ್ಕಣೆ ಮುಗಿದಿತ್ತು. ರಾಶಿ ಅಳೆಯುವಾಗ ಮೊದಲ ಕೊಳಗ ದೇವರದು, ಮನೆಯವರು ಅದನ್ನು ಬಾಯಿಗೆ ಹಾಕುವಂತಿಲ್ಲ. ಮಾವ ಅದನ್ನು ತುಂಬಿ ಪಕ್ಕಕ್ಕಿಟ್ಟರು. ಅತ್ತೆ ಬಂದು ತಮ್ಮ ಮಡಿಲಿಗೆ ಸುರಿದುಕೊಂಡರು.

"ಲೇ, ದೇವರ ಪಾಲು ಕಣೇ ಅದು."

"ದೇವ್ರು ಗುಡೀಲಿ ಕೂತವ್ನೆ. ನನ್ ಮಗ ನಿಂತವ್ನೆ. ನಿಂತೋನಿಗೇ ಹಸಿವು ಜಾಸ್ತಿ."

ಮಾವ ಎರಡನೇ ಕೊಳಗ ತುಂಬಿದರು.

ಅತ್ತೆ ಹುರಿದರು, ಬೀಸಿದರು, ಬೆಲ್ಲ ಕುಟ್ಟಿ ಬೆರೆಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲೆ ಎರಡು ಗಂಟು ಹಾಕಿದರು. ಅವರಿಗೆ ಹುರುಳಿ ಕೀಳುವ ಕೆಲಸವಿತ್ತು, ಅದಕ್ಕೆ ನನ್ನ ತಲೆಗೆ ಹೊರಿಸಿದರು. "ನನ್ ಗಂಟು ನೋಡಿದ್ರೆ ಅವ್ನಿಗೆ ಗೊತ್ತಾಗ್ತದೆ. ದಾರೀಲಿ ಇಳಿಸ್ಬೇಡ ಹುಡುಗಿ." ಸೈನ್ಯದಲ್ಲಿರುವವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ ಎಂದೇ ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಹೋಬಳಿ ಊರಿನ ಪೆಂಡಾಲಿನಲ್ಲಿ ಸಿಪಾಯಿಗಳಿಗೆಂದು ಸಾಮಾನು ಕೂಡಿಸಿ ಲಾರಿಗೆ ಹಾಕುತ್ತಿದ್ದರು. ಮೀಸೆಯವನೊಬ್ಬ, "ಹಿಟ್ಟು ಗಿಟ್ಟು ಕಳ್ಸಕ್ಕಾಗಲ್ಲ ಕಣಮ್ಮ, ಕಂಬಳಿ ಇದ್ರೆ ತತ್ತಾ" ಎಂದ. ಆಮೇಲೆ ಮೂಗು ಅರಳಿಸಿ, "ಘಮ್ಮಂತದಲ್ಲಾ, ಒಂಚೂರು ಬಿಚ್ಚು" ಎಂದ. ಬಿಚ್ಚಿದೆ. ಆರು ಜನ ಸುತ್ತ ಕುಳಿತರು. ನಾನು ಹಸಿದುಕೊಂಡು ಅಷ್ಟು ದೂರ ನಡೆದಿದ್ದೆ. ಸುಳ್ಳೇಕೆ, ನಾನೂ ತಿಂದೆ. ಬಲು ರುಚಿಯಾಗಿತ್ತು.

"ಲಾರಿಗೆ ಹಾಕಿದ್ರಾ?" ಎಂದು ಮನೆಗೆ ಬಂದಾಗ ಅತ್ತೆ ಕೇಳಿದರು.

"ಹಾಕಿದ್ರು ಅತ್ತೆ."

ಹೆದರಿಕೆ ಆಮೇಲೆ ಹಿಡಿಯಿತು. ದೇವರ ಪಾಲು ನುಂಗಿದವಳು ನಾನು. ಗಂಡನಿಗೆ ಏನಾದರೂ ಆದರೆ ನನ್ನ ಬಾಯಿಂದಲೇ ಆದ ಹಾಗೆ. ಯುದ್ಧ ನಿಂತಿತು ಎಂದು ಪಂಚಾಯಿತಿ ರೇಡಿಯೋ ಹೇಳಿದ ಮೇಲೂ ಅವರಿಂದ ಕಾಗದ ಬರಲಿಲ್ಲ.

ಯುಗಾದಿಗೆ ಮುಂಚೆ ಗಂಡ ಟ್ರಂಕು ಹೊತ್ತುಕೊಂಡು ತಾವೇ ಬಂದರು. ಕೈಕಾಲೆಲ್ಲ ನೆಟ್ಟಗಿದ್ದವು. ಅತ್ತೆ ನೀರು ಕೊಡುವ ಮೊದಲೇ ಕೇಳಿದರು, "ಹಿಟ್ಟು ಬಂತೇನೋ?"

"ಯಾವ ಹಿಟ್ಟವ್ವಾ?"

ನಾನು ಒಳಗೆ ಮುದ್ದೆ ಕಟ್ಟುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಿದರು, ಕಂಬಕ್ಕೆ ಒರಗಿದರು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ನಿನ್ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ ಕಣೇ. ಆ ಮೀಸೆಯೋನು ಮಾರನೇ ಸಂತೇಲೇ ಸಿಕ್ಕಿದ್ದ. ಹಿಟ್ಟಿಗೆ ಏಲಕ್ಕಿ ಹಾಕಿದ್ರಾ ಅಂತ ಕೇಳ್ದ."

"ಮತ್ತೆ ನನ್ನ ಯಾಕೆ ಬಯ್ಲಿಲ್ಲ ಅತ್ತೆ?"

"ನೀನು ಅವತ್ತಿಂದ ಎರಡು ಮುದ್ದೆ ತಿನ್ನೋಳು ಒಂದಕ್ಕೆ ಇಳಿದಿದ್ದೆ. ಬಯ್ದಿದ್ರೆ ಅದ್ನೂ ಬಿಡ್ತಿದ್ದೆ, ಆಮೇಲೆ ಗೇಯೋರು ಯಾರು? ದೇವ್ರಿಗೆ ಬೇರೆ ಕೊಳಗ ಅಳೆದು ಕೊಟ್ಟಾಯ್ತು. ಮೊದಲ್ನೇದೋ ಹತ್ತನೇದೋ, ಅವ್ನೇನು ಕಣಕ್ಕೆ ಬಂದು ನೋಡ್ದನಾ?"

ಗಂಡ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಾ ನಿಂತಿದ್ದರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಹೋಗುವವರೆಗೂ ಹೊರಗಿನವರ ಮುಂದೆ ಆ ವಿಷಯ ಎತ್ತಲಿಲ್ಲ. ಜಗಳವಾಡಿದ ದಿನವೂ ಎತ್ತಲಿಲ್ಲ, ನಾವು ಜಗಳವಾಡಿದ್ದು ಕಡಿಮೆಯೇನಲ್ಲ.

ಗಂಡ ಬಂದ ಆ ದಿನ ನಾನು ಮೂರು ಮುದ್ದೆ ತಿಂದೆ. ಮರುದಿನ ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳುವವರೆಗೂ ಮಲಗಿದೆ. ಹೊರಗೆ ಪೊರಕೆಯ ಸದ್ದು ಕೇಳಿಸುತ್ತಿತ್ತು, ದಿನಾ ನಾನು ಗುಡಿಸುವ ಅಂಗಳವನ್ನು ಗುಡಿಸುತ್ತಿದ್ದವರು ಅತ್ತೆ. ಮಗ್ಗುಲು ಬದಲಾಯಿಸಿ ಇನ್ನೊಂದು ಗಳಿಗೆ ಮಲಗಿದೆ.