ದೇವದಾರು, ದೇವದಾರಿ

ಮೊಮ್ಮಗಳ ಬಾಣಂತನದ ಸಾಮಾನು ತರಲು ಕಳೆದ ವಾರ ಜಮಖಂಡಿ ಪೇಟೆಗೆ ಹೋಗಿದ್ದೆ. ಗಿಡಮೂಲಿಕೆ ಅಂಗಡಿಯವರು ಶುಂಠಿ, ಹಿಪ್ಪಲಿ ಎಲ್ಲ ಕಟ್ಟಿ, ಕೊನೆಗೆ ನಾಲ್ಕಾರು ಕಟ್ಟಿಗೆಯ ಚಕ್ಕೆಗಳನ್ನು ಕಾಗದದ ಮೇಲೆ ಹಾಕಿ, ಇದು ಕಷಾಯಕ್ಕೆ ಹಾಕುವ ದೇವದಾರು ಎಂದರು. ನಾನು ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಎಣ್ಣೆ ಸವರಿದಂಥ, ಸ್ವಲ್ಪ ಒಗರು, ಸ್ವಲ್ಪ ಸಿಹಿ ವಾಸನೆ. ಎಪ್ಪತ್ತೈದು ದಾಟಿದ ಹೆಂಗಸು ಪೇಟೆಯ ನಡುವೆ ನಿಂತು ಕಟ್ಟಿಗೆ ಮೂಸುವುದನ್ನು ನೋಡಿ ಜನ ಏನೆಂದುಕೊಂಡರೋ. ನನಗೆ ಆಗ ನೆನಪಾದದ್ದು ಬಾಣಂತಿಯಲ್ಲ, ಮಾನಪ್ಪ ಬಡಿಗೇರ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಇದನ್ನು ಹೇಳದೆ ನನ್ನ ಯಾವ ಮಾತೂ ಶುರುವಾಗುವುದಿಲ್ಲ ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ, ಮಾಡಲಿ. ಅಲ್ಲಿ ಬಾಟನಿ ಕಲಿಸುತ್ತಿದ್ದ ಸಿಸ್ಟರ್ ಶಿಮ್ಲಾ ಕಡೆಯವರು. ಬೇವು, ಜಾಲಿ, ಹುಣಸೆ ಬಿಟ್ಟರೆ ಮರವನ್ನೇ ಕಾಣದ ನಮ್ಮಂಥ ಹುಡುಗಿಯರಿಗೆ ಅವರು ತಮ್ಮ ಊರಿನ ದೇವದಾರುವಿನ ಬಗ್ಗೆ ಹೇಳುತ್ತಿದ್ದರೆ ಕ್ಲಾಸೇ ತಣ್ಣಗಾಗುತ್ತಿತ್ತು. ಅದೊಂದು ಕಾನಿಫರ್. ಹೂವಿಲ್ಲ, ಹಣ್ಣಿಲ್ಲ, ಬೀಜವೆಲ್ಲ ಕೋನ್ ಒಳಗೆ. ಪಶ್ಚಿಮ ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಹಿಮ ಹೊತ್ತು ನಿಲ್ಲುತ್ತದೆ. ಕಟ್ಟಿಗೆಯಲ್ಲಿರುವ ಎಣ್ಣೆಗೆ ಹೆದರಿ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ನೀರಿಗೂ ಬೇಗ ಕೊಳೆಯುವುದಿಲ್ಲ. ಹಾಗಾಗಿ ಅಲ್ಲಿಯ ಗುಡಿಗಳ ತೊಲೆ, ಹೊಳೆಯ ಸೇತುವೆ, ರೈಲು ಹಳಿಯ ಕೆಳಗಿನ ಸ್ಲೀಪರ್, ಎಲ್ಲಕ್ಕೂ ಅದೇ ಬೇಕು. ಕಡಿದ ದಿಮ್ಮಿಗಳನ್ನು ಹೊಳೆಗೆ ಬಿಟ್ಟರೆ ತೇಲುತ್ತ ಬಯಲಿಗೆ ಇಳಿಯುತ್ತವಂತೆ. ರಜೆಗೆ ಜಮಖಂಡಿಯ ಮನೆಗೆ ಬಂದಾಗ ಚಿಕ್ಕಪಡಸಲಗಿಯ ದಂಡೆಯಲ್ಲಿ, ಆಗಿನ್ನೂ ಬ್ಯಾರೇಜ್ ಇಲ್ಲ, ಕೃಷ್ಣೆಯಲ್ಲಿ ಒಂದಾದರೂ ದಿಮ್ಮಿ ಬರಬಹುದೆಂದು ನಾನು ಕಾದು ಕೂತದ್ದುಂಟು. ಭೂಗೋಳದಲ್ಲಿ ನನ್ನ ಮಾರ್ಕ್ಸ್ ಎಷ್ಟಿತ್ತೆಂದು ನೀವೇ ಊಹಿಸಿ.

ಮುಧೋಳದ ವರನೊಂದಿಗೆ ನನ್ನ ಮದುವೆ ಗಟ್ಟಿಯಾದಾಗ, ವಕೀಲರಾಗಿದ್ದ ಅಪ್ಪ ನನಗೊಂದು ಪುಸ್ತಕದ ಕಪಾಟು ಮಾಡಿಸಿ ಕೊಡುತ್ತೇನೆಂದರು. ನಮ್ಮ ಮನೆಯ ಬಾಗಿಲು, ತೊಟ್ಟಿಲು ಎಲ್ಲ ಮಾನಪ್ಪನ ಕೈಯವು. ನನಗಿಂತ ಏಳೆಂಟು ವರ್ಷ ದೊಡ್ಡವನು, ಆದರೂ ವಕೀಲರ ಮಗಳೆಂಬ ಸೊಕ್ಕಿಗೆ ನಾನು ಅವನಿಗೆ 'ನೀ' ಎನ್ನುತ್ತಿದ್ದೆ. ಕಪಾಟು ದೇವದಾರುವಿನದೇ ಆಗಬೇಕೆಂದು ಹೇಳಿದೆ. ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

"ಖರೇನ ದೇವದಾರಿದ ಮಾಡ್ಲೇನ್ರಿ, ಬಾಯಾರ? ಸಾಗವಾನಿ ಐತ್ರಿ, ಛಲೋ ಒಣಗೇತಿ."

ಸಾಗವಾನಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ! ನಾನು ಸಿಸ್ಟರ್ ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲೇ, ಲ್ಯಾಟಿನ್ ಹೆಸರು ಸಮೇತ, ಒದರಿಬಿಟ್ಟೆ. ಅವನು "ಆತ್ರಿ" ಎಂದು ಹೋದ.

ಈಗ ನಿಮಗೊಂದು ಮಾತು ಹೇಳಬೇಕು. ನಮ್ಮ ಕಡೆ ಮರಾಠಿ ಮಾತು ಅರ್ಧಕ್ಕರ್ಧ ಬೆರೆತಿದೆ. ಮರಾಠಿಯ ಪೇಟೆ ಮಾತಿನಲ್ಲಿ 'ದೇವದಾರಿ' ಎಂದರೆ ಸಾಮಾನು ತುಂಬಿ ಕಳಿಸುವ ಖೋಕಾದ ಹಗುರು ಕಟ್ಟಿಗೆ. ದೇವದಾರುವಿಗೂ ಅದಕ್ಕೂ ಹೆಸರಿನ ನಂಟಷ್ಟೇ. ನಾನು ಕೇಳಿದ್ದು ದೇವರ ಮರ, ಮಾನಪ್ಪನಿಗೆ ಕೇಳಿಸಿದ್ದು ಸೋಪಿನ ಪೆಟ್ಟಿಗೆ, ನಮ್ಮ ಮಾತಿನ ಸಬಕಾರದ ಖೋಕಾ. ಇದು ಅಂದು ನನಗೆ ಗೊತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಕಪಾಟು ಬಂತು. ಎಷ್ಟು ನಯ, ಎಷ್ಟು ಬಿಗಿ ಎಂದರೆ ಹಲಗೆ ಹಲಗೆ ಕೂಡಿದ ಕಡೆ ಉಗುರು ಹೋಗದು. ಮುಧೋಳದಿಂದ ಬಂದಿದ್ದ ಬೀಗರ ಹೆಂಗಸರು ಸುತ್ತ ನಿಂತು ಬಾಗಿಲು ತೆಗೆದರು. ಒಳಗಿನ ಹಲಗೆಯ ಮೇಲೆ ದಪ್ಪ ಕರಿ ಅಕ್ಷರದಲ್ಲಿ 'ದಿಸ್ ಸೈಡ್ ಅಪ್' ಎಂದಿತ್ತು. ಅದೂ ತಲೆಕೆಳಗಾಗಿ.

ಯಾರೋ ಕಿಸಕ್ಕೆಂದರು. ಬೀಗರ ಎದುರು ನನ್ನ ಮುಖ ಉಳಿಸಿಕೊಳ್ಳಬೇಕಿತ್ತು ನೋಡಿ, ನಾನೂ ನಕ್ಕು ಅಂದೆ: "ದೇವರ ಮರದ್ದು ಮಾಡು ಅಂದ್ರ ಸಬಕಾರದ ಖೋಕಾ ತಂದಿಟ್ಟಾನ್ರಿ. ಬಡಗಿತನ ಎಲ್ಲಿ ಕಲ್ತಾನೋ."

ಮನೆ ತುಂಬ ನಗೆ. ಮಾನಪ್ಪ ಬಾಗಿಲಲ್ಲೇ ಕೂತು ಕಪಾಟಿನ ಚಿಲಕಕ್ಕೆ ಅರ ತಿಕ್ಕುತ್ತಿದ್ದ. ತಲೆ ಎತ್ತಲಿಲ್ಲ. ಚಿಲಕ ಕೂಡಿಸಿ, ಎರಡು ಸಲ ಹಾಕಿ ತೆಗೆದು ನೋಡಿ, ಹತ್ಯಾರ ಚೀಲ ಹೆಗಲಿಗೇರಿಸಿ ಹೋದ. ಮದುವೆ ಊಟಕ್ಕೆ ಬರಲಿಲ್ಲ. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಎರಡೂ ಕಟ್ಟಿಗೆಗಳ ಫರಕು ಅಪ್ಪ ತಿಳಿಸಿ ಹೇಳಿದಾಗ ನಾನು ಗಂಡನ ಮನೆಗೆ ಹೊರಟು ನಿಂತಿದ್ದೆ. ಹೋಗಿ ತಪ್ಪಾಯಿತೆನ್ನು ಎಂದರು. ಮುಂದಿನ ಸಲ ಬಂದಾಗ ಎಂದೆ. ಎರಡನೆಯ ಮಳೆಗಾಲಕ್ಕೆ ಮುಧೋಳದ ಗೆದ್ದಲು ಕಪಾಟನ್ನೂ ನನ್ನ ಬಾಟನಿ ಪುಸ್ತಕವನ್ನೂ ಒಟ್ಟಿಗೆ ತಿಂದು ಮುಗಿಸಿತು. ಅಷ್ಟರಲ್ಲಿ ಮಾನಪ್ಪ ಜಮಖಂಡಿ ಬಿಟ್ಟು ರಬಕವಿಯಲ್ಲಿ ಮಗ್ಗ ರಿಪೇರಿಗೆ ಸೇರಿದ್ದನಂತೆ. ನನ್ನ ಒಂದು ಮಾತು ಆ ಕೈಯಿಂದ ಕಪಾಟು, ತೊಟ್ಟಿಲು ಬಿಡಿಸಿತೆಂದು ಐವತ್ತು ವರ್ಷ ನಂಬಿಕೊಂಡೇ ಬಂದೆ.

ಅಂಗಡಿಯಿಂದ ಮನೆಗೆ ಬಂದು ಕಷಾಯದ ಸಾಮಾನು ಕೊಟ್ಟು, ಒಂದು ಚಕ್ಕೆ ಮಾತ್ರ ಪರ್ಸಿಗೆ ಹಾಕಿಕೊಂಡು ಮರುದಿನ ರಬಕವಿಯ ಬಸ್ಸು ಹತ್ತಿದೆ. ಮಾನಪ್ಪ ಇದ್ದಾರೋ ಇಲ್ಲವೋ, ಇದ್ದರೂ ಮಾತಾಡಿಸಿಯಾರೋ ಇಲ್ಲವೋ. ಮಗ್ಗಗಳ ಖಟಖಟದ ನಡುವೆ ಓಣಿ ಕೇಳುತ್ತ ಹೋದರೆ ಕಟ್ಟೆಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಬೆನ್ನು ಬಾಗಿದೆ. ಮಗಳು ಶಾಂತವ್ವ ಚಾಪೆ ಹಾಸಿ, ಯಾರೆಂದು ತಂದೆಯ ಕಿವಿಯಲ್ಲಿ ಕೂಗಿ ಹೇಳಿದಳು.

"ಅವತ್ತ ನಾ ಆಡಬಾರದ ಮಾತಾಡಿದೆ, ಮಾನಪ್ಪಾರ" ಎಂದೆ.

"ಹೌದ್ರಿ, ಆಡಬಾರದಿತ್ತು" ಎಂದರು.

ಅದಕ್ಕಾಗಿಯೇ ಊರು ಬಿಟ್ಟಿರೇನು ಎಂದು ಕೇಳಿದೆ. ಅವರಿಗೆ ನಗು ಬಂತು. ಬಾಯಲ್ಲಿ ಎರಡೇ ಹಲ್ಲು. ಹೆಂಡತಿಯ ತವರು ಇಲ್ಲಿ, ಮಾವ ಕೆಲಸ ಕೊಡಿಸಿದ, ಬಂದೆ, ನಿಮ್ಮ ಸಲುವಾಗಿ ಯಾರು ಊರು ಬಿಡುತ್ತಾರೆ ಎಂದರು. ಐವತ್ತು ವರ್ಷ ಹೊತ್ತ ಪಾಪದಲ್ಲಿ ಅರ್ಧ ನನ್ನ ದೊಡ್ಡಸ್ತಿಕೆಯೇ ಎಂದು ಆಗ ತಿಳಿಯಿತು. ಆಮೇಲೆ ಅವರೇ ನಿಧಾನವಾಗಿ ಹೇಳಿದರು:

"ನೀವು ಬ್ಯಾರೆ ಏನೋ ಕೇಳಾಕತ್ತೀರಿ ಅಂತ ನನಗ ಅನಿಸಿತ್ರಿ. ಕೇಳಬೇಕಿತ್ತು. ನೀವು ಅಷ್ಟ ಇಂಗ್ಲೀಷ್ ಹೇಳಿದ ಮ್ಯಾಲ ಹೆಂಗ ಕೇಳೂದ್ರಿ? ಹಲಗಿ ಮ್ಯಾಲಿನ ಆ ಇಂಗ್ಲೀಷ್ ಅಕ್ಷರ ಸುದ್ದಾ, ಬಾಯಾರಿಗೆ ಸೇರತಾವಂತ ಕೆತ್ತಿ ತಗೀಲಿಲ್ಲ."

ಪರ್ಸಿನಿಂದ ಚಕ್ಕೆ ತೆಗೆದು ಅವರ ಅಂಗೈ ಮೇಲಿಟ್ಟೆ. ಮೂಸಿದರು. ಹುಬ್ಬು ಮೇಲೇರಿತು.

"ಇದೇನ್ರಿ ನಿಮ್ಮ ಮರ? ಅವತ್ತ ಹೇಳಿದ್ದು ಈಗ ಕನ್ನಡದಾಗ ಹೇಳ್ರಿ."

ಕನ್ನಡದಲ್ಲಿ! ಎಲೆಗಳು ಸೂಜಿಯಂತೆ, ಗೊಂಚಲಾಗಿ ಬರುತ್ತವೆ ಎಂದೆ. ನೂಲಿಗೆ ಗಂಜಿ ಸವರುವ ನೇಕಾರರ ಕುಂಚಿಗೆಯ ಹಾಗೋ ಎಂದು ಕೇಳಿದರು. ಹೌದು, ಹಾಗೇ. ಕೋನ್ ಎಂಬುದಕ್ಕೆ ಶಬ್ದ ಸಿಗದೆ ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ: ಕೊಂಬೆಯ ಮೇಲೆ ನೆಟ್ಟಗೆ ನಿಂತಿರುತ್ತದೆ, ಇಡಿಯಾಗಿ ಉದುರುವುದಿಲ್ಲ, ಪದರು ಪದರಾಗಿ ಬಿಚ್ಚಿ ಬೀಳುತ್ತದೆ, ನಡುವಿನ ಕಡ್ಡಿ ಮಾತ್ರ ಮರದ ಮೇಲೆ ಉಳಿಯುತ್ತದೆ. "ನೂಲು ತೀರಿದ ಕಂಡಿಕಿ" ಎಂದು ಶಾಂತವ್ವ ಒಳಗಿನಿಂದ ಮಗ್ಗದ ಕಂಡಿಕೆ, ನೂಲು ಸುತ್ತುವ ಕಡ್ಡಿ, ತಂದು ತೋರಿಸಿದಳು. ಸಿಸ್ಟರ್ ಇದ್ದಿದ್ದರೆ ಅವಳಿಗೇ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಮಾನಪ್ಪ ಚಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೊಳಿ ಹಿಡಿತೈತೇನ್ರಿ?"

ಸಿಸ್ಟರ್ ಅದನ್ನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

"ನನಗ ಗೊತ್ತಿಲ್ರಿ" ಎಂದೆ. "ನೀವ ಹೇಳ್ರಿ."

ಹೆಬ್ಬೆರಳಿನ ಉಗುರನ್ನು ಕಟ್ಟಿಗೆಯ ಎಳೆಗುಂಟ ಎಳೆದರು. ಅಂಚನ್ನು ಸ್ವಲ್ಪ ಬಾಗಿಸಿ, ಅದು ಚಿಟ್ಟೆಂದು ಸಿಡಿದದ್ದನ್ನು ನನ್ನ ಮುಂದೆ ಹಿಡಿದರು.

"ಹಿಡಿತೈತಿ. ಆದ್ರ ಹಂಗ ಬಡದ್ರ ಸೀಳತೈತ್ರಿ. ಮೊದ್ಲ ಬೈರಿಗಿಲೆ ತೂತ ಹಾಕಬೇಕು."

ಚೀಲದಿಂದ ಪೆನ್ನು, ಕನ್ನಡಕ ತೆಗೆದು, ಬಸ್ ಟಿಕೆಟ್ಟಿನ ಹಿಂಬದಿಗೆ ಬರೆದುಕೊಳ್ಳತೊಡಗಿದೆ. ಈಗ ನಾನು ಬರೆಯುವುದು ನಿಧಾನ. ಮುಂದಿನ ಮಾತು ಹೇಳುವ ಮೊದಲು ಮಾನಪ್ಪ ನನ್ನ ಪೆನ್ನು ನಿಲ್ಲುವ ತನಕ ಕಾದರು.